ನಮ್ಮನೆ ಹುಡುಗನ ಬೀಳ್ಕೊಡುಗೆ

“ಬೆಲ್ ಒತ್ತಬೇಡಿ. ಹಿಂದಿನ ಬಾಗಿಲಿಗೆ ಬನ್ನಿ,” ಎಂದಿತ್ತು ಫೋನಿನಲ್ಲಿ ಒಂದು ಪಿಸುದನಿ. “ನಮ್ಮನೆ ಹುಡುಗ ಹೋಗಿಬಿಟ್ಟ. ಮುಂದಿನದು ಮಾಡೋಕೆ ಇಲ್ಲಿ ಯಾರಿಗೂ ಧೈರ್ಯ ಸಾಲ್ತಿಲ್ಲ. ನೀವೇ ಬಂದು ಕೂತು ಮಾತಾಡಿ.” ವಿಳಾಸ ಹೇಳಿದ್ದೇ ತಡ, ಫೋನ್ ಇಟ್ಟಾಗಿತ್ತು.

ಅವಳು ಹಿಂದಿನ ಬಾಗಿಲನ್ನು ಬೆರಳ ತುದಿಯಲ್ಲಿ ತಟ್ಟಿದಳು. ಪ್ರಾರ್ಥನೆ ಗೀರ್ಥನೆ ಬೇಡ ಎನ್ನುವ ಮನೆಗಳಲ್ಲಿ, ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಕೊನೆಯ ವಿದಾಯ ನಡೆಸಿಕೊಡುವುದು ಅವಳ ಕೆಲಸ. ಕೇಳಿದವರಿಗೆ ‘ನಿರೂಪಕಿ’ ಎನ್ನುತ್ತಿದ್ದಳು. ಯಾವುದರ ನಿರೂಪಣೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಎಷ್ಟು ಸಾವು ಕಂಡಿದ್ದರೂ ಹುಡುಗರ ಸಾವೆಂದರೆ ಅವಳಿಗೆ ಹೆದರಿಕೆ. 

ಬಾಗಿಲು ತೆರೆದ ಹೆಂಗಸು ಅವಳನ್ನು ಕಂಡು ಬೆಚ್ಚಿದಳು. ವಿಷಯ ತಿಳಿದ ಮೇಲೆ ಕೈ ಹಿಡಿದು ಅಡುಗೆಮನೆಯೊಳಗೆ ಎಳೆದುಕೊಂಡಳು. “ಮೈದುನ ಕರೆಸಿರ್ಬೇಕು. ಸದ್ಯ! ಮೆಲ್ಲಗೆ ಮಾತಾಡಿ.”

ಸತ್ತವನು ಹುಡುಗನೇ ಅಲ್ಲ. ಈಕೆಯ ಗಂಡ. ಐವತ್ತು ದಾಟಿದ ಮನುಷ್ಯ, ಸೈಕಲ್ ಅಂಗಡಿಯವನು. ಸರಕು ತರಲು ಬೇರೆ ಊರಿಗೆ ಹೋದವನು ಅಲ್ಲೇ ಕುಸಿದುಬಿದ್ದಿದ್ದ. ದೇಹ ಈಗ ಆಸ್ಪತ್ರೆಯ ಶವಾಗಾರದಲ್ಲಿತ್ತು. ದುಃಖದಲ್ಲಿ ಜನ ಏನೇನೋ ಅನ್ನುತ್ತಾರೆ ಎಂದುಕೊಂಡಳು ನಿರೂಪಕಿ.

“ನಮ್ಮತ್ತೆಗೆ ಗೊತ್ತಿಲ್ಲ,” ಎಂದಳು ಹೆಂಗಸು. “ಅವರ ಹಾರ್ಟು ತುಂಬಾ ವೀಕು. ಆಘಾತ ತಡೆಯಲ್ಲ ಅಂದಿದಾರೆ ಡಾಕ್ಟ್ರು. ಒಂದು ಮಾತು ಬಾಯಿ ತಪ್ಪಿ ಬಂದ್ರೆ ಇನ್ನೊಂದು ಹೆಣ ಬೀಳುತ್ತೆ ಈ ಮನೇಲಿ.”

ಅಡುಗೆಮನೆಗೂ ಹಾಲಿಗೂ ನಡುವೆ ಇದ್ದದ್ದು ಒಂದು ಪರದೆ. ಅದರಾಚೆ ಫೋನ್ ಬಡಿದುಕೊಂಡಿತು. ಯಾರೋ ನಿಧಾನವಾಗಿ ಎತ್ತಿದರು.

“ದೊಡ್ಡೋನೇ, ಊಟ ಆಯ್ತಾ? ಎಲ್ಲಿದೀಯಪ್ಪಾ? ಗಂಟಲು ಇನ್ನೂ ಕಟ್ಟಿದೆಯಲ್ಲೋ. ಗಾಳಿಗೆ ನಿಂತ್ಕೋಬೇಡ, ಒಳಗೆ ಬಾ.”

ನಿರೂಪಕಿ ಪರದೆಯತ್ತ ತಿರುಗಿದಳು. ದೊಡ್ಡೋನು? ಶವಾಗಾರದಲ್ಲಿರುವವನು?

ಮಹಡಿಯ ಮೆಟ್ಟಿಲಿಳಿದು ಒಬ್ಬ ಬಂದ. ಬಾಯಿಗೆ ಟವೆಲು, ಕೈಯಲ್ಲಿ ಮೊಬೈಲು, ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ. ಮೈದುನ. “ನಂಬಿದ್ರು, ಅತ್ತಿಗೆ. ನಾನೇ ಅಣ್ಣ ಅಂತ ಇವತ್ತೂ ನಂಬಿದ್ರು.” ನಿರೂಪಕಿ ಯಾರೆಂದು ತಿಳಿದು ಉಸಿರುಬಿಟ್ಟ. “ನೀವು ಇವರನ್ನ ಕರೆಸಿದ್ದು ಒಳ್ಳೇದಾಯ್ತು.”

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಹಾಲಿನಿಂದ ದನಿ ಬಂತು. “ಅಡುಗೆಮನೇಲಿ ಯಾರೇ ಅದು? ಬಂದೋರನ್ನ ನಿಲ್ಲಿಸ್ಕೊಂಡು ಮಾತಾಡಿಸ್ತಾರಾ? ಇಲ್ಲಿ ಕರ್ಕೊಂಡ್ ಬಾ.”

ಮೂವರೂ ಪರದೆ ಸರಿಸಿ ಹಾಲಿಗೆ ಬಂದರು.

ಅಜ್ಜಿ ಕಿಟಕಿಯ ಪಕ್ಕ, ಫೋನಿನ ಮಗ್ಗುಲಲ್ಲೇ ಕೂತು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಮೈದುನ ಉಗುಳು ನುಂಗಿದ. “ನಮ್ಮ ಆಫೀಸಲ್ಲಿ ಒಬ್ಬರಿಗೆ ಬೀಳ್ಕೊಡುಗೆ, ಅಮ್ಮಾ. ನಡೆಸಿಕೊಡೋರು ಇವರು.”

“ರಿಟೈರಾದ್ರಾ? ವಯಸ್ಸೆಷ್ಟು?”

“ಐವತ್ತೆರಡು.” ಪುಣ್ಯಾತ್ಮ, ಸುಳ್ಳಿಗಾದರೂ ಬೇರೆ ವಯಸ್ಸು ಹೇಳಬಾರದೇ!

ಹೆಣಿಗೆಯ ಕಡ್ಡಿಗಳು ನಿಂತವು. “ಅಯ್ಯೋ, ಇಷ್ಟು ಬೇಗನಾ?”

ಅಜ್ಜಿಯ ಕೈ ಮೆಲ್ಲಗೆ ಎದೆಯತ್ತ ಹೋಯಿತು. ನಿರೂಪಕಿ ಒಂದು ಹೆಜ್ಜೆ ಮುಂದಿಟ್ಟಳು. ಕೈ ಶಾಲು ಸರಿಮಾಡಿಕೊಂಡು ಕೆಳಗಿಳಿಯಿತು. “ಏನು ಕೇಳ್ಬೇಕೋ ಇಲ್ಲೇ ಕೇಳಿ. ನನಗೂ ಹೊತ್ತು ಹೋಗುತ್ತೆ.”

ಬೇರೆ ದಾರಿಯಿರಲಿಲ್ಲ. ಪ್ರತಿ ಮಾತನ್ನೂ ಎರಡೆರಡು ಸಲ ತೂಗಿ, ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. “ಅವರು ಎಂಥ ಮನುಷ್ಯ?”

“ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ಸಿಳ್ಳೆ ಹಾಕ್ತಾರೆ,” ಎಂದುಬಿಟ್ಟಳು ಸೊಸೆ. ಆಮೇಲೆ ಗಾಬರಿಯಾಗಿ ಮೈದುನನ ಕಡೆ ತಿರುಗಿದಳು. “ಅಂತ ಇವರು ಹೇಳ್ತಿರ್ತಾರೆ.”

“ಹೂಂ, ಹೂಂ,” ಎಂದ ಮೈದುನ.

“ಅವರಿಗೆ ಯಾವ ಹಾಡು ಇಷ್ಟ ಇತ್ತು?” ಕೇಳಿದ ಮೇಲೆ ನಿರೂಪಕಿಗೆ ತನ್ನ ಮಾತೇ ಕೇಳಿಸಿತು. ಇತ್ತು! ಇದೆ ಅನ್ನಬೇಕಿತ್ತು. ಎಷ್ಟೋ ವರ್ಷಗಳ ರೂಢಿ ನಾಲಿಗೆಯಲ್ಲಿ ಕೂತು ಕೈಕೊಟ್ಟಿತ್ತು. ಮೂವರೂ ಅಜ್ಜಿಯ ಮುಖ ನೋಡಲಾರದೆ ನೆಲ ನೋಡಿದರು.

ಅಜ್ಜಿ ತಲೆ ಎತ್ತಲಿಲ್ಲ. “ಹಾಡು ಯಾಕೆ? ಎಲ್ಲರೂ ಸೇರಿ ಒಂದು ಸಿಳ್ಳೆ ಹಾಕಿ, ಸಾಕು. ಉದ್ದುದ್ದ ಭಾಷಣ ಬೇಡ. ಅಳೋರನ್ನ ಸುಮ್ಮನಿರಿಸೋಕೆ ಹೋಗ್ಬೇಡಿ, ಅತ್ಕೊಳ್ಳಲಿ.”

“ಬೀಳ್ಕೊಡುಗೇಲಿ ಅಳ್ತಾರೇನಮ್ಮಾ?” ಮೈದುನ ನಗಲು ನೋಡಿದ. ನಗು ಬರಲಿಲ್ಲ.

“ಬೇಕಾದೋರನ್ನ ಕಳಿಸೋವಾಗ ಅಳ್ತಾರಪ್ಪ.”

ಸೊಸೆಗೆ ತಡೆಯಲಾಗಲಿಲ್ಲ. “ಹಾಲು ಉಕ್ತಿದೆ,” ಎಂದು ಬಾಯಿ ಮುಚ್ಚಿಕೊಂಡು ಒಳಗೋಡಿದಳು. ಒಲೆ ಹಚ್ಚಿಯೇ ಇರಲಿಲ್ಲ.

“ಹೋಗೋ, ಅತ್ತಿಗೇಗೆ ನೀರು ಕೊಡು,” ಅಜ್ಜಿ ಮಗನನ್ನೂ ಅಟ್ಟಿದರು.

ಈಗ ಹಾಲಿನಲ್ಲಿ ಇಬ್ಬರೇ. ಒಂದೇ ಮಾತಿನಲ್ಲಿ ಒಂದು ಜೀವ ತೆಗೆಯಬಲ್ಲೆ ಎಂಬ ಭಯ ನಿರೂಪಕಿಗೆ. ಅಜ್ಜಿ ಬೆರಳಾಡಿಸಿ ಹತ್ತಿರ ಕರೆದರು. ಹೋದಳು. ಅಜ್ಜಿ ನೂಲನ್ನು ಹಲ್ಲಿನಿಂದ ಕಡಿದು, ಜೋಡಿ ಕಾಲುಚೀಲವನ್ನು ಅವಳ ಕೈಯಲ್ಲಿಟ್ಟು, ಮುಷ್ಟಿ ಮುಚ್ಚಿಸಿದರು. ದೊಡ್ಡ ಗಂಡಸಿನ ಅಳತೆಯವು.

“ಇವರಿಗೆ ಹೇಳ್ಬೇಡಮ್ಮ, ಮೊದಲೇ ಹೆದರಿ ಅರ್ಧ ಆಗಿದಾರೆ,” ಎಂದರು ಅಜ್ಜಿ, ಅದೇ ಪಿಸುದನಿಯಲ್ಲಿ. “ಇವನ್ನ ಹಾಕಿ ಕಳಿಸು. ಫೋನಲ್ಲಿ ಹೇಳೋಕೆ ಮರೆತೆ, ನಮ್ಮನೆ ಹುಡುಗನಿಗೆ ಕಾಲು ಬೇಗ ತಣ್ಣಗಾಗುತ್ತೆ.”