ಅಡುಗೆಯಕ್ಕನ ಪಿನ್ನಿನ ಡಬ್ಬಿ

"ಮಕ್ಕಳು ಗುಂಡುಕಲ್ಲಿನ ಹಾಗಿದ್ದಾರೆ. ಇನ್ನು ಇಲ್ಲಿ ಸರ್ಕಾರದ ಊಟ ಯಾಕೆ? ನಿಲ್ಲಿಸಬಹುದು ಅಂತ ಬರೀತೀನಿ" ಎಂದು, ಮಕ್ಕಳನ್ನು ತೂಗಲು ಬಂದಿದ್ದ ಅಧಿಕಾರಿ ತೂಕದ ಯಂತ್ರವನ್ನು ಚೀಲಕ್ಕೆ ತುರುಕಿದಾಗ ಶಾಲೆಯ ಅಡುಗೆಯಕ್ಕ ಒದ್ದೆ ಕೈ ಒರೆಸಿಕೊಂಡು ಮುಂದೆ ಬಂದಳು. ಅಂದು ದೊಡ್ಡ ರಜೆಗೆ ಮುಂಚಿನ ಕೊನೆಯ ದಿನ. ತಟ್ಟೆಗಳನ್ನೆಲ್ಲ ಆಗಷ್ಟೇ ತೊಳೆದು ಬೋರಲು ಹಾಕಿದ್ದಳು.

ಹೆದರಿದ್ದೇನೋ ನಿಜ. ಆದರೆ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಪೈಕಿ ಅಲ್ಲ ಅವಳು. ಉಪ್ಪಿನ ಡಬ್ಬಿಯ ಹಿಂದಿನಿಂದ ಇನ್ನೊಂದು ಡಬ್ಬಿ ತೆಗೆದು ಅವನೆದುರು ಸುರಿದಳು. ಮೇಜಿನ ತುಂಬ ಸೇಫ್ಟಿ ಪಿನ್ನುಗಳು.

"ಏನಮ್ಮಾ, ಅಂಗಡಿ ಇಡ್ತೀಯಾ?"

"ಮಕ್ಕಳು ವಾಪಸ್ ಕೊಟ್ಟಿದ್ದು ಸರ್. ರಜೆ ಮುಗಿಸಿ ಬಂದಾಗ ಲಂಗ, ಚಡ್ಡಿ ಸೊಂಟದಲ್ಲಿ ನಿಲ್ಲಲ್ಲ. ನಾನೇ ಪಿನ್ ಹಾಕ್ತೀನಿ. ಎರಡು ತಿಂಗಳು ಇಲ್ಲಿ ಉಂಡಮೇಲೆ 'ಅಕ್ಕಾ, ಬಿಗಿಯಾಯ್ತು' ಅಂತ ಬಿಚ್ಚಿ ಕೊಡ್ತವೆ. ನೀವು ಯಾವಾಗ್ಲೂ ಬರೋದು ಡಬ್ಬಿ ತುಂಬಿದ ಮೇಲೆ."

"ಮನೇಲಿ ಊಟ ಹಾಕಲ್ವಾ?"

"ಇದ್ರೆ ಹಾಕ್ತಾರೆ. ಬರೆಯೋಕೆ ಮುಂಚೆ ಶಾಲೆ ಶುರುವಾಗೋ ದಿನ ಒಂದ್ಸಲ ಬನ್ನಿ. ನನ್ನ ಒಲೆ ಹತ್ತೋಕೆ ಮುಂಚೆ."

ಅಧಿಕಾರಿಗೆ ಹೀಗೆ ಹೊತ್ತು ಗೊತ್ತು ಮಾಡುವ ಎದೆಗಾರಿಕೆ ಹೆಡ್‌ಮೇಷ್ಟರಿಗೂ ಇರಲಿಲ್ಲ ಬಿಡಿ. ಆದರೆ ಮನುಷ್ಯ ಬಂದ, ಹೇಳಿದ ಹೊತ್ತಿಗೇ.

ಅಡುಗೆಮನೆಯ ಬಾಗಿಲಲ್ಲಿ ಆಗಲೇ ಸಾಲು. "ಏನೋ ರಾಜಕುಮಾರ, ಸೊಂಟ ಎಲ್ಲಿ ಮರೆತು ಬಂದೆ?" ಎಂದು ಒಬ್ಬನನ್ನು ರೇಗಿಸುತ್ತ, ಇನ್ನೊಬ್ಬಳ ಕೆನ್ನೆ ಹಿಂಡುತ್ತ, ಯಾರಿಗೂ ನಾಚಿಕೆಯಾಗದ ಹಾಗೆ ಅಡುಗೆಯಕ್ಕ ಪಿನ್ನು ಹಾಕುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಅಧಿಕಾರಿ ನಾಲ್ಕು ಮಕ್ಕಳನ್ನು ತೂಗಿದ. ಹಳೆಯ ಅಂಕಿಗಳನ್ನು ತಿರುವಿ ನೋಡಿದ. ಐದನೆಯವನನ್ನು ಕರೆಯದೆ ಯಂತ್ರವನ್ನು ಚೀಲಕ್ಕಿಟ್ಟ.

ಮಧ್ಯಾಹ್ನ ಊಟದ ಹೊತ್ತಿಗೆ, ತಡವಾಗಿ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಕೊನೆಯಲ್ಲಿ ನಿಂತಿದ್ದಳು. ಡಬ್ಬಿ ಖಾಲಿ. ಒಂದು ಕೈ ಲಂಗ ಹಿಡಿದಿತ್ತು. ತುಂಬಿದ ತಟ್ಟೆ ಇನ್ನೊಂದೇ ಕೈಗೆ ಭಾರ. ಅಡುಗೆಯಕ್ಕ ಸುತ್ತಮುತ್ತ ದಾರವೇನಾದರೂ ಇದೆಯೇ ಎಂದು ಹುಡುಕುತ್ತಿರುವಾಗ, ಅಧಿಕಾರಿ ತನ್ನ ಜೇಬಿಗೆ ಗುರುತಿನ ಚೀಟಿ ಸಿಕ್ಕಿಸಿದ್ದ ಪಿನ್ನನ್ನು ಬಿಚ್ಚಿ ಚಾಚಿದ.

ಅಡುಗೆಯಕ್ಕ ಅದನ್ನು ಲಂಗಕ್ಕೆ ಹಾಕಿದಳು. ಹುಡುಗಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಹೋದಳು.

"ವಾಪಸ್ ಕೊಡ್ತಾಳೆ ಸರ್" ಎಂದಳು ಅಡುಗೆಯಕ್ಕ, ಸೌಟು ತೊಳೆಯುತ್ತ. "ಎರಡು ತಿಂಗಳಿಗೆ. ಊಟ ನಡೀತಾ ಇದ್ರೆ."