ಮೊದಲ ಬಸಿರು

"ನೀವು ಹೇಳಿದ್ದರ ಜೊತೆ ನಿಮ್ಮ ಹೆಸರು ಬರೆಯೋದಿಲ್ಲ, ಹೆದರಬೇಡಿ," ಎಂದಳು ಅಶ್ವಾಕ್. "ನಿಮಗೆ ಹದಿನೇಳು ಅಂತ ಒಂದು ನಂಬರ್ ಕೊಡ್ತೀನಿ, ಅಷ್ಟೆ."

ಕಾವಲಿಯ ಮೇಲೆ ಲಹೂಹ್ ರೊಟ್ಟಿಯ ಹಿಟ್ಟು ಹುಯ್ಯುತ್ತಿದ್ದ ಜಾಫ್ರಾನ್ ಸೌಟು ಕೆಳಗಿಟ್ಟಳು. ಅವಳಿಗೆ ಏಳು ತಿಂಗಳು ತುಂಬಿತ್ತು. "ಹಂಗಾದ್ರೆ ನಾನು ಹೇಳೋದಿಲ್ಲ," ಎಂದಳು.

ಅಶ್ವಾಕ್‌ಗೆ ಇದು ಹೊಸದು. ಏಡನ್ ಊರಿನ ಅಂಚಿನ ಈ ತಗಡಿನ ಗುಡಿಸಲುಗಳಲ್ಲಿ ಅವಳು ಆಗಲೇ ಹದಿನಾರು ಹೆಂಗಸರನ್ನು ಮಾತಾಡಿಸಿದ್ದಳು. ಬಸಿರು, ಹೆರಿಗೆಯಲ್ಲಿ ಅವರು ಪಟ್ಟದ್ದೇನು ಎಂದು ಕೇಳಿ ಬರೆದುಕೊಳ್ಳುವುದು ವಿಶ್ವವಿದ್ಯಾಲಯ ಅವಳಿಗೆ ಒಪ್ಪಿಸಿದ ಕೆಲಸ. ಊರಿನವರು 'ಖಾದಿಮಾ', ಅಂದರೆ ಆಳು, ಎಂದೇ ಕೂಗುವ ಆ ಹೆಂಗಸರು ಹೆಸರು ಬರೆಯುವುದಿಲ್ಲ ಎಂದೊಡನೆ ನಿರಾಳವಾಗಿ ಬಾಯಿ ಬಿಡುತ್ತಿದ್ದರು.

"ಹೆಸರು ಬರೆದ್ರೆ ನಿಮಗೇ ತೊಂದರೆ ಕಣ್ರೀ. ನಾಳೆ ಆಸ್ಪತ್ರೆಯವರಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಅಂತಲೇ ಹೇಳ್ತಿರೋದು."

ಮೂಲೆಯಲ್ಲಿ ಟೊಮೇಟೊ ಹೆಚ್ಚುತ್ತಿದ್ದ ಅತ್ತೆ ತಕಿಯಾ ನಕ್ಕಳು. "ಹೆರೋದರಲ್ಲಿ ಬರೆಯೋಕೆ ಏನಿದೆ ಮಗಳೇ? ಕತ್ತೆ ಹೆರ್ತದೆ, ಮೇಕೆ ಹೆರ್ತದೆ. ಅವನ್ನೂ ಕೇಳ್ಕೊಂಡು ಬಾ."

"ನೀವು ಸುಮ್ನಿರಿ ಅತ್ತೆ," ಎಂದು ಜಾಫ್ರಾನ್ ಗೋಡೆಗೆ ತೂಗುಹಾಕಿದ್ದ ಚೀಲದಿಂದ ಆಸ್ಪತ್ರೆಯ ಕಾರ್ಡು ತೆಗೆದು ಚಾಚಿದಳು. "ಓದಿ ಉಸ್ತಾದಾ, ಕಲಿತವರು ನೀವು. ಎಷ್ಟನೇದು ಅಂತ ಬರೆದಿದಾರೆ?"

"ಮೊದಲ ಬಸಿರು ಅಂತಿದೆ."

"ಅದು ಸುಳ್ಳು."

ಎರಡು ವರ್ಷದ ಹಿಂದೆ, ಸೆಕೆಗಾಲದ ಒಂದು ಮಧ್ಯಾಹ್ನ, ಹೆರಿಗೆ ನೋವು ಬಂದ ಜಾಫ್ರಾನಳನ್ನು ಬೀದಿ ಗುಡಿಸುವ ಗಂಡ ಕಸದ ಗಾಡಿಯಲ್ಲೇ ಕೂರಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋಗಿದ್ದ. ಬಾಗಿಲಿಗೆ ಬಂದ ನರ್ಸು ಮುಖ ನೋಡಿದಳು, ಗಾಡಿ ನೋಡಿದಳು. ಹಾಸಿಗೆ ಖಾಲಿ ಇಲ್ಲ, ಮೊದಲು ಮೈ ತೊಳೆದುಕೊಂಡು ಬಾ ಎಂದಳು. ತೊಳೆದುಕೊಳ್ಳಲು ಹೊತ್ತಿರಲಿಲ್ಲ. ಗೇಟಿಗೂ ಜನರೇಟರಿಗೂ ನಡುವೆ, ಜೊತೆಗೆ ಬಂದಿದ್ದ ತಕಿಯಾ ತನ್ನ ಕರಿ ನಿಲುವಂಗಿ ಬಿಚ್ಚಿ ಮರೆ ಹಿಡಿದಳು. ಗಂಡುಮಗು. ಎದೆ ಗೊರಗೊರ ಎನ್ನುತ್ತಿತ್ತು. ತಕಿಯಾ ಅದನ್ನು ಎತ್ತಿಕೊಂಡು ಹೋಗಿ ಬಾಗಿಲು ಬಡಿದಳು. ಮಗು ಸಂಜೆಯ ಬಾಂಗಿನವರೆಗೆ ಉಸಿರಾಡಿತು. ಬಾಗಿಲು ತೆರೆಯಲಿಲ್ಲ.

"ನಸೀಮ್ ಅಂತ ಹೆಸರಿಟ್ಟಿದ್ವಿ," ಎಂದಳು ಜಾಫ್ರಾನ್. "ಹೋದ ತಿಂಗಳು ತೋರಿಸ್ಕೊಳ್ಳೋಕೆ ಹೋದಾಗ ಇದು ಎರಡನೇದು ಅಂದೆ. ಆ ಗುಮಾಸ್ತ ರಿಜಿಸ್ಟರ್ ತಿರುವಿ ಹಾಕಿದ. ನಿನ್ನ ಹೆಸರೇ ಇಲ್ಲ, ಇಲ್ಲಿ ಬರೆದಿಲ್ಲ ಅಂದ್ರೆ ನೀನು ಹೆತ್ತೇ ಇಲ್ಲ ಅಂದ. ಮೊದಲನೇದು ಅಂತ ಗೀಚಿ ಕೈಗೆ ಕೊಟ್ಟ."

ಅಶ್ವಾಕ್ ತನ್ನ ಪ್ರಶ್ನೆಪಟ್ಟಿ ನೋಡಿದಳು. ಹೆರಿಗೆಯಾದ ಸ್ಥಳ: ಮನೆ, ಆರೋಗ್ಯ ಕೇಂದ್ರ, ಆಸ್ಪತ್ರೆ, ಇತರೆ. ಪೆನ್ನು 'ಇತರೆ'ಯ ಮೇಲೆ ನಿಂತಿತು, ಗುರುತು ಹಾಕಲಿಲ್ಲ.

"ನೋಡಿ, ಒಪ್ಪಿಗೆಯ ಕಾಗದದಲ್ಲಿ ನಿಮ್ಮ ಹೆಸರು ಇರ್ತದೆ," ಎಂದಳು. "ಅದು ಒಂದು ಕಪಾಟಿನಲ್ಲಿ. ನೀವು ಹೇಳಿದ್ದು ಇನ್ನೊಂದು ಕಪಾಟಿನಲ್ಲಿ. ಯಾರು ಹೇಳಿದ್ದು ಅಂತ ಯಾರಿಗೂ ಗೊತ್ತಾಗಬಾರದು ಅಂತ ಹಾಗೆ."

"ನಾನೊಂದು ಕಪಾಟಿನಲ್ಲಿ, ನನ್ನ ಮಗು ಇನ್ನೊಂದು ಕಪಾಟಿನಲ್ಲಿ. ಎರಡಕ್ಕೂ ಬೀಗ," ಎಂದಳು ಜಾಫ್ರಾನ್. "ಬೀಗದ ಕೈ ನಿಮ್ಮ ಹತ್ರ. ನನ್ನ ಕೈಗೇನು ಬಂತು?"

ಕಾವಲಿಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ. ಅಶ್ವಾಕ್ ಮಾತು ಹಿಡಿಯಲು ಎದುರಿಗಿಟ್ಟಿದ್ದ ರೆಕಾರ್ಡರ್ ಆರಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಎದ್ದು ಹೊರಡುತ್ತಾಳೆ ಎಂದು ಜಾಫ್ರಾನ್ ಮುಖ ತಿರುಗಿಸಿದಳು. ಆದರೆ ಅಶ್ವಾಕ್ ನೋಟ್‌ಬುಕ್ಕಿನ ಕೊನೆಯಿಂದ ಒಂದು ಹಾಳೆ ಹರಿದುಕೊಂಡಳು.

"ಇದು ವಿಶ್ವವಿದ್ಯಾಲಯಕ್ಕಲ್ಲ. ನಿಮಗೆ. ನಿಧಾನವಾಗಿ ಹೇಳಿ."

ಜಾಫ್ರಾನ್ ಹೇಳಿದಳು, ಅಶ್ವಾಕ್ ಬರೆದಳು. ತಾಯಿಯ ಹೆಸರು, ಅವಳ ತಂದೆಯ ಹೆಸರು, ಮಗುವಿನ ಹೆಸರು. ಹುಟ್ಟಿದ ಸ್ಥಳ, ಆಸ್ಪತ್ರೆಯ ಗೇಟು. ಹುಟ್ಟಿದ ಹೊತ್ತು, ಹೋದ ಹೊತ್ತು. ಕೊನೆಗೆ, ಬರೆದವಳು ಎಂದು ತನ್ನ ಹೆಸರೂ ಫೋನ್ ನಂಬರೂ ಹಾಕಿ ಒಮ್ಮೆ ಗಟ್ಟಿಯಾಗಿ ಓದಿದಳು. 'ನಸೀಮ್' ಎಂದು ಬಂದಾಗ ಜಾಫ್ರಾನ್, "ಅಲ್ಲಿ ಇನ್ನೊಂದ್ಸಲ ಓದಿ," ಎಂದಳು.

"ಇದಕ್ಕೆ ಮೊಹರಿಲ್ಲ. ಆಸ್ಪತ್ರೆಯವರು ಒಪ್ತಾರೋ ಇಲ್ವೋ ನನಗೆ ಗೊತ್ತಿಲ್ಲ," ಎಂದಳು ಅಶ್ವಾಕ್.

"ಒಪ್ಪದಿದ್ರೆ ಬೇಡ. ಕೈಗೆ ಕೊಟ್ರೆ ಓದೋದಂತೂ ಓದ್ತಾರಲ್ಲ."

ಹೆಬ್ಬೆಟ್ಟು ಒತ್ತಲು ಶಾಯಿ ಇರಲಿಲ್ಲ. ಜಾಫ್ರಾನ್ ಕಾವಲಿಯನ್ನು ಒಲೆಯಿಂದ ಇಳಿಸಿ, ಆರುವವರೆಗೆ ಕಾದು, ಅದರ ತಳದ ಮಸಿಗೆ ಹೆಬ್ಬೆರಳು ತಿಕ್ಕಿ ಹಾಳೆಯ ಮೇಲೆ ಒತ್ತಿದಳು. ಸಾಕ್ಷಿಯೆಂದು ತಕಿಯಾಳನ್ನೂ ಕರೆದರು. "ನಿಮ್ಮ ಹುಚ್ಚಾಟ," ಎಂದು ಗೊಣಗುತ್ತಲೇ ಬಂದು ಅವಳೂ ಒತ್ತಿದಳು.

ಜಾಫ್ರಾನ್ ಹಾಳೆಯನ್ನು ಕಾರ್ಡಿನ ಒಳಗಿಟ್ಟು ಚೀಲ ಗೋಡೆಗೆ ತೂಗುಹಾಕಿದಳು. ಅಶ್ವಾಕ್ ಚಪ್ಪಲಿ ಮೆಟ್ಟಲು ಎದ್ದಳು. ತಕಿಯಾ ಮಾತ್ರ ಮೂಲೆಗೆ ಮರಳಿರಲಿಲ್ಲ. ಮಸಿ ಮೆತ್ತಿದ ಹೆಬ್ಬೆರಳನ್ನು ಒರೆಸಿಕೊಳ್ಳದೆ, ಬಟ್ಟೆಗೆ ತಾಗದಂತೆ ಎತ್ತಿ ಹಿಡಿದುಕೊಂಡು ನೆಲದ ಮೇಲೆ ಕೂತೇ ಇದ್ದಳು.

"ಮಗಳೇ, ಇನ್ನೊಂದು ಹಾಳೆ ಇದೆಯಾ?"

"ಇದೆ ಖಾಲಾ. ಯಾಕೆ?"

ಮುದುಕಿ ಸೊಸೆಯ ಕಡೆ ನೋಡಲಿಲ್ಲ.

"ನನ್ನದೊಂದು ಹೆಣ್ಣುಕೂಸು. ನಲವತ್ತು ವರ್ಷದ ಹಿಂದಿನ ಮಾತು," ಎಂದಳು. "ಈಗ ಬರೆದ್ರೆ ನಡೀತದಾ?"