ಕಾಗೆ ಎಂಜಲು

ಎರಡು ಪಾಳಿ ಸೇರಿಸಿ ದುಡಿದಾಗಲೆಲ್ಲ ದಾಕ್ಷಾಯಿಣಿಯ ತುಟಿಯ ಮೇಲೆ ಗುಳ್ಳೆ ಏಳುತ್ತಿತ್ತು. ಎಲ್ಲರ ಗುಳ್ಳೆಗಳಂತೆ ಅದೂ ಸೋಂಕು ಅಂಟಿಸಿದವರ ದನಿಯಲ್ಲೇ ಮಾತಾಡುತ್ತಿತ್ತು. ಸತ್ತ ಗಂಡ ಮೂರು ದಿನ ಬೈದು, ಮತ್ತೆ ನರದೊಳಗೆ ಹೋಗಿ ಮಲಗುತ್ತಿದ್ದ.

“ಯಜಮಾನ್ರು ಎದ್ದವ್ರಾ ಅಕ್ಕಾ?” ಪಕ್ಕದ ಹೊಲಿಗೆ ಮಿಷನ್ನಿನ ಪದ್ಮಾ ಕೇಳುತ್ತಿದ್ದಳು.

“ಬದುಕಿದ್ದಾಗ ಇಷ್ಟು ಬೇಗ ಎದ್ದೋರಲ್ಲ ಕಣೆ.”

ಆ ಬೈಗುಳ ಮಗಳಿಗೆ ದಾಟದಿರಲೆಂದು ಅವಳು ಚಿತ್ರಾಗೆ ಒಂದು ಮುತ್ತೂ ಕೊಟ್ಟಿರಲಿಲ್ಲ. ಕಡಲೆಮಿಠಾಯಿಯನ್ನು ಮಾತ್ರ ಸೆರಗಿನಲ್ಲಿ ಸುತ್ತಿ ಕಚ್ಚಿ, ಕಾಗೆ ಎಂಜಲು ಮಾಡಿ ಹಂಚಿಕೊಳ್ಳುತ್ತಿದ್ದಳು. ಬಟ್ಟೆ ಅಡ್ಡವಿದ್ದರೆ ಎಂಜಲು ತಾಗದೆಂದು ನಂಬಿದ್ದಳು.

ಪರೀಕ್ಷೆಯ ಬೆಳಿಗ್ಗೆ ಚಿತ್ರಾಳ ತುಟಿಯ ಮೇಲೆ ಗುಳ್ಳೆ ಎದ್ದಿತ್ತು. ಗಂಡನ ದನಿ ಕೇಳಲು ದಾಕ್ಷಾಯಿಣಿ ಮನಸ್ಸು ಗಟ್ಟಿಮಾಡಿಕೊಂಡಳು. ಕೇಳಿಸಿದ್ದು ತನ್ನದೇ ದನಿ: “ದೂರ ಹೋಗೇ. ನಂಗೆ ಸಾಕಾಗಿದೆ.”

“ದಿನಾ ನಿನ್ನಿಂದ ಕೇಳೋದೇ ತಾನೇ ಅಮ್ಮ,” ಎಂದು ಚಿತ್ರಾ ಚೀಲ ಹೆಗಲಿಗೇರಿಸಿದಳು.